ಹಾಜರಿಯ ಹೊಣೆಯೂ ಹಣದ ಹೊಣೆಯೂ: ಜಾಮೀನು ಪದ್ಧತಿಯ ಇತಿಹಾಸವನ್ನು ಕುರಿತು

ಅಪರಾಧವು ನ್ಯಾಯಾಲಯದಲ್ಲಿ ರುಜುವಾತಾಗುವುದಕ್ಕೆ ಮುಂಚೆಯೇ ಆಪಾದಿತನನ್ನು ಸೆರೆಯಲ್ಲಿರಿಸಬಹುದೆ, ಇರಿಸಬಹುದಾದರೆ ಎಷ್ಟು ಕಾಲ, ಯಾವ ಭರವಸೆಯ ಮೇಲೆ ಅವನನ್ನು ಹೊರಗೆ ಬಿಡಬೇಕು ಎಂಬ ಪ್ರಶ್ನೆಗಳು ವಕೀಲರಿಗೆ ಮಾತ್ರ ಸಂಬಂಧಪಟ್ಟವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ಅವುಗಳ ಕಡೆಗೆ ಗಮನ ಕೊಡುವುದು ವಿರಳ. 2022ರ ಡಿಸೆಂಬರ್ 31ರಂದು ಭಾರತದ ಕಾರಾಗೃಹಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ಇನ್ನೂ ವಿಚಾರಣೆ ಮುಗಿಯದವರಾಗಿದ್ದರು. ಎಂದರೆ 100ಕ್ಕೆ ಸುಮಾರು 76 ಮಂದಿ. ಶಿಕ್ಷೆಯ ಸ್ಥಾನವೆಂದು ನಾವು ತಿಳಿದಿರುವ ಕಾರಾಗೃಹವು ವಾಸ್ತವದಲ್ಲಿ ಕಾಯುವ ಸ್ಥಾನವಾಗಿದೆ. ಇದು ಹೀಗೇಕಾಯಿತೆಂಬುದಕ್ಕೆ ಪೊಲೀಸರ ಸಂಖ್ಯೆ, ನ್ಯಾಯಾಲಯಗಳ ವಿಳಂಬ ಮೊದಲಾದ ಅನೇಕ ಕಾರಣಗಳನ್ನು ಹೇಳುವುದುಂಟು. ಅವೆಲ್ಲವೂ ನಿಜವೇ. ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಇವುಗಳಿಗಿಂತ ಹಳೆಯದಾದ ಒಂದು ಕಾರಣವನ್ನು. ಮನುಷ್ಯನನ್ನು ಹಾಜರುಪಡಿಸುವ ಹೊಣೆಯೂ ಹಣವನ್ನು ತೆರುವ ಹೊಣೆಯೂ ಒಂದು ಕಾಲದಲ್ಲಿ ಬೇರೆ ಬೇರೆಯಾಗಿದ್ದು, ಕಾಲಕ್ರಮದಲ್ಲಿ ಒಂದರೊಳಗೊಂದು ಕರಗಿಹೋದುದೇ ಆ ಕಾರಣ.

ಮೊದಲು ಶಬ್ದವನ್ನು ನೋಡೋಣ. ಕನ್ನಡದಲ್ಲಿ ಈ ಅರ್ಥಕ್ಕೆ ಹಳೆಯದಾದ ಮಾತು ಹೊಣೆ, ಹಳಗನ್ನಡದಲ್ಲಿ ಪೊಣೆ. ಹೊಣೆ ನಿಲ್ಲುವವನು ಹೊಣೆಗಾರ. ಇಂದು ಈ ಮಾತಿಗೆ ಜವಾಬ್ದಾರಿ ಎಂಬ ಸಾಮಾನ್ಯಾರ್ಥ ಬಂದು, ನ್ಯಾಯಾಲಯದ ಅರ್ಥವು ಮರೆಯಾಗಿದೆ. ಅದರ ಸ್ಥಾನವನ್ನು ಆಕ್ರಮಿಸಿದ ಜಾಮೀನು ಎಂಬುದು ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ಶಬ್ದ. ಮೂಲದಲ್ಲಿ ಜಾಮಿನ್ ಎಂದರೆ ಹೊಣೆ ನಿಂತ ಮನುಷ್ಯನೇ ಹೊರತು ಅವನು ಬರೆದುಕೊಡುವ ಪತ್ರವಾಗಲಿ ಕಟ್ಟುವ ಮೊತ್ತವಾಗಲಿ ಅಲ್ಲ. ಕನ್ನಡದಲ್ಲಿ ಅದು ಮನುಷ್ಯನನ್ನು ಬಿಟ್ಟು ವಸ್ತುವಿಗೆ ಅಂಟಿಕೊಂಡಿತು. ಆದ್ದರಿಂದಲೇ ಮನುಷ್ಯನನ್ನು ಸೂಚಿಸಲು ನಾವು ಮತ್ತೊಂದು ಪ್ರತ್ಯಯ ಸೇರಿಸಿ ಜಾಮೀನುದಾರ ಎನ್ನಬೇಕಾಗಿದೆ. ಶಬ್ದಾರ್ಥದ ಈ ಪಲ್ಲಟವನ್ನು ಹೆಚ್ಚು ಎಳೆಯಬಾರದು. ಆದರೆ ಸಂಸ್ಥೆಯ ಇತಿಹಾಸವೂ ಇದೇ ದಾರಿಯಲ್ಲಿ ನಡೆದಿದೆ ಎಂಬುದನ್ನು ಮುಂದೆ ಕಾಣಬಹುದು.

ಧರ್ಮಶಾಸ್ತ್ರಕಾರರು ಹೊಣೆಗಾರನನ್ನು ಪ್ರತಿಭೂ ಎಂದು ಕರೆದರು. ಯಾಜ್ಞವಲ್ಕ್ಯ ಸ್ಮೃತಿಯು ವ್ಯವಹಾರಾಧ್ಯಾಯದಲ್ಲಿ ಮೂರು ಬಗೆಯ ಪ್ರತಿಭೂಗಳನ್ನು ಹೇಳುತ್ತದೆ. ಬೇಕಾದಾಗ ಇವನನ್ನು ಎದುರಿಗೆ ತಂದು ನಿಲ್ಲಿಸುತ್ತೇನೆ ಎನ್ನುವವನು ದರ್ಶನಪ್ರತಿಭೂ; ಇವನು ನಂಬಿಕೆಗೆ ಅರ್ಹನೆಂದು ಮಾತು ಕೊಡುವವನು ಪ್ರತ್ಯಯಪ್ರತಿಭೂ; ಇವನು ಕೊಡದಿದ್ದರೆ ನಾನು ಕೊಡುತ್ತೇನೆ ಎನ್ನುವವನು ದಾನಪ್ರತಿಭೂ. ಈ ವಿಭಾಗವು ಹೆಸರಿಗೆ ಮಾತ್ರವಾಗಿರದೆ ಅದರಿಂದ ಫಲಭೇದವೂ ಉಂಟು. ಮೊದಲಿನ ಇಬ್ಬರು ಮಾತಿಗೆ ತಪ್ಪಿದರೆ ತಾವೇ ತೆರಬೇಕು, ಅವರು ಸತ್ತರೆ ಆ ಹೊಣೆ ಮಕ್ಕಳಿಗೆ ಹತ್ತದು. ಮೂರನೆಯವನ ಹೊಣೆ ಮಾತ್ರ ಮಕ್ಕಳಿಗೂ ಇಳಿಯುತ್ತದೆ. ಒಬ್ಬ ಮನುಷ್ಯನನ್ನು ಬಲ್ಲವನು ಅವನಿಗಾಗಿ ನಿಲ್ಲುವ ಹೊಣೆಯು ವೈಯಕ್ತಿಕವಾದುದರಿಂದ ಅವನೊಡನೆ ಮುಗಿಯುತ್ತದೆ. ಹಣದ ಹೊಣೆಯು ಸಾಲದಂತೆ ಆಸ್ತಿಯನ್ನು ಹಿಂಬಾಲಿಸುತ್ತದೆ ಎಂಬುದು ಇದರ ತಾತ್ಪರ್ಯವೆಂದು ನಾವು ತಿಳಿಯುತ್ತೇವೆ.

ಈ ಸ್ಮೃತಿಗೆ ವಿಜ್ಞಾನೇಶ್ವರನು ಬರೆದ ಮಿತಾಕ್ಷರವು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ರಚಿತವಾದುದು. ದಾಯಭಾಗದ ವಿಷಯದಲ್ಲಿ ಮಿತಾಕ್ಷರದ ಹೆಸರನ್ನು ಕೇಳದ ಕಾನೂನು ವಿದ್ಯಾರ್ಥಿಯಿಲ್ಲ. ಅದರ ವ್ಯವಹಾರಮಾತೃಕೆಯನ್ನು ಓದುವವರು ಮಾತ್ರ ಕಡಿಮೆ. ವ್ಯಾಜ್ಯದ ಆರಂಭದಲ್ಲಿ ವಾದಿ ಪ್ರತಿವಾದಿಗಳಿಬ್ಬರಿಂದಲೂ ಸಮರ್ಥನಾದ ಪ್ರತಿಭೂವನ್ನು ತೆಗೆದುಕೊಳ್ಳಬೇಕೆಂಬ ಯಾಜ್ಞವಲ್ಕ್ಯನ ನಿಯಮವನ್ನು ವಿಜ್ಞಾನೇಶ್ವರನು ವಿವರಿಸುವಾಗ, ಈ ಹೊಣೆಯು ತೀರ್ಪಿನಲ್ಲಿ ಸಿದ್ಧವಾದ ಧನವನ್ನೂ ರಾಜನಿಗೆ ಸಲ್ಲತಕ್ಕ ದಂಡವನ್ನೂ ಕೊಡಿಸುವುದಕ್ಕಾಗಿ ಎನ್ನುತ್ತಾನೆ. ಅಂಥ ಪ್ರತಿಭೂ ಸಿಗದವನ ಗತಿಯೇನು? ಇದಕ್ಕೆ ಅವನು ಕಾತ್ಯಾಯನನ ವಚನವನ್ನು ಉದಾಹರಿಸುತ್ತಾನೆ: ಹೊಣೆಯಿಲ್ಲದವನನ್ನು ಕಾವಲಿನಲ್ಲಿ ಇರಿಸಬೇಕು, ಮತ್ತು ದಿನದ ಕೊನೆಗೆ ಆ ಕಾವಲಿನವನ ಕೂಲಿಯನ್ನು ಅವನೇ ಕೊಡಬೇಕು.

ಈ ವಚನವು ಗಮನಾರ್ಹವಾದುದು. ಹಿಂದಿನದೆಲ್ಲ ಸುವರ್ಣಯುಗವೆಂದು ಹೇಳುವ ಉತ್ಸಾಹವು ನಮ್ಮಲ್ಲಿ ಕೆಲವರಿಗುಂಟು. ಅಂಥವರು ಇದನ್ನು ಎರಡು ಸಲ ಓದಬೇಕು. ಹೊಣೆಗಾರನು ಸಿಗದೆ ಕಾವಲಿಗೆ ಬೀಳುವ ಬಡವನು ತನ್ನ ಕಾವಲಿನ ಖರ್ಚನ್ನೂ ತಾನೇ ಹೊರಬೇಕಾಗಿದ್ದಿತು. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಸ್ಮೃತಿಗಳ ವ್ಯವಹಾರಪದಗಳಲ್ಲಿ ಸಾಲ, ಠೇವಣಿಗಳ ಜೊತೆಯಲ್ಲಿಯೇ ವಾಕ್ಪಾರುಷ್ಯ, ದಂಡಪಾರುಷ್ಯ, ಸ್ತೇಯ, ಸಾಹಸಗಳೂ ಬರುತ್ತವೆ. ಇಂದಿನ ಸಿವಿಲ್ ಮತ್ತು ಕ್ರಿಮಿನಲ್ ಎಂಬ ಭೇದವನ್ನು ಅಲ್ಲಿಗೆ ಒಯ್ಯಲಾಗದು. ಆದ್ದರಿಂದ ಮಿತಾಕ್ಷರದ ಪ್ರತಿಭೂ ಇಂದಿನ ಜಾಮೀನುದಾರನೇ ಎಂದು ನಾವು ಹೇಳುತ್ತಿಲ್ಲ. ಹಾಜರಿಯ ಹೊಣೆಗೂ ಹಣದ ಹೊಣೆಗೂ ಸ್ವಭಾವಭೇದವುಂಟೆಂದು ಆ ಗ್ರಂಥಕಾರರು ಸ್ಪಷ್ಟವಾಗಿ ಅರಿತಿದ್ದರೆಂಬುದಷ್ಟೇ ನಮಗೆ ಮುಖ್ಯ.

ಇದಕ್ಕೆ ಕಾತ್ಯಾಯನನಲ್ಲಿಯೇ ಮತ್ತೊಂದು ಉಪಪತ್ತಿ ದೊರೆಯುತ್ತದೆ. ಯಾರಿಗಾಗಿ ಹೊಣೆ ನಿಂತನೋ ಅವನು ಕಾಣೆಯಾದರೆ, ಅವನನ್ನು ಹುಡುಕುವುದಕ್ಕಾಗಿ ದರ್ಶನಪ್ರತಿಭೂವಿಗೆ ಮೂರು ಪಕ್ಷಗಳವರೆಗೆ ಅವಕಾಶ ಕೊಡಬೇಕು; ಅಷ್ಟರೊಳಗೆ ತಂದೊಪ್ಪಿಸಿದರೆ ಅವನು ಹೊಣೆಯಿಂದ ಮುಕ್ತ. ಹಣ ತೆರುವುದು ಕೊನೆಯ ಮಾರ್ಗ, ಮನುಷ್ಯನನ್ನು ಕರೆತರುವುದೇ ಹೊಣೆಯ ತಿರುಳು. ಯಾರು ಹೊಣೆಗೆ ಸಲ್ಲರೆಂಬ ಪಟ್ಟಿಯಲ್ಲಿಯೂ ಇದೇ ದೃಷ್ಟಿ ಕಾಣುತ್ತದೆ. ಒಡೆಯ, ಶತ್ರು, ಸ್ವತಃ ಸೆರೆಯಲ್ಲಿರುವವನು, ದಂಡನೆಗೆ ಗುರಿಯಾದವನು ಇವರನ್ನು ಹೊಣೆಯಾಗಿ ತೆಗೆದುಕೊಳ್ಳಲಾಗದು. ಒಡೆಯನು ಶ್ರೀಮಂತನಾಗಿದ್ದರೂ ಸಲ್ಲನು. ಏಕೆಂದರೆ ಅವನನ್ನು ಒತ್ತಾಯಿಸುವವರಾರು? ಇತ್ತ ಯಾಜ್ಞವಲ್ಕ್ಯನು ಆಸ್ತಿ ಪಾಲಾಗದ ಅಣ್ಣತಮ್ಮಂದಿರ ನಡುವೆ, ತಂದೆಮಕ್ಕಳ ನಡುವೆ, ಗಂಡಹೆಂಡಿರ ನಡುವೆ ಹೊಣೆಯಿಲ್ಲವೆನ್ನುತ್ತಾನೆ. ಸಾಲ, ಸಾಕ್ಷಿಗಳೊಡನೆ ಸೇರಿಸಿ ಹೇಳಿರುವುದರಿಂದ ಅಲ್ಲಿ ಅವನ ಮನಸ್ಸಿನಲ್ಲಿದ್ದುದು ಆಸ್ತಿಯ ಹೊಣೆಯೇ ಇರಬೇಕು.

ತೀರ್ಪಿಗೆ ಮುಂಚಿನ ತಡೆಯನ್ನು ನಾರದಸ್ಮೃತಿ ಆಸೇಧವೆಂದು ಕರೆಯುತ್ತದೆ. ಈ ಸ್ಥಳವನ್ನು ಬಿಡಬೇಡ, ಇಷ್ಟು ಕಾಲದವರೆಗೆ ಬಿಡಬೇಡ, ಪ್ರಯಾಣ ಹೋಗಬೇಡ, ಈ ಕೆಲಸವನ್ನು ಮಾಡಬೇಡ ಎಂದು ಅದು ನಾಲ್ಕು ಬಗೆ. ಬಿತ್ತನೆಯ ಕಾಲದಲ್ಲಿ ಒಕ್ಕಲಿಗನನ್ನೂ, ದನ ಕಾಯುತ್ತಿರುವ ಗೋವಳನನ್ನೂ, ಕೈಗೆತ್ತಿಕೊಂಡ ಕೆಲಸದಲ್ಲಿರುವ ಶಿಲ್ಪಿಯನ್ನೂ, ಯುದ್ಧದಲ್ಲಿರುವ ಯೋಧನನ್ನೂ ಆಸೇಧಕ್ಕೆ ಗುರಿಮಾಡಲಾಗದು. ತೀರ್ಪಾಗದ ತಡೆಯಿಂದ ಮನುಷ್ಯನ ಜೀವನೋಪಾಯವು ಕೆಡಬಾರದೆಂಬ ವಿವೇಕ ಇದರಲ್ಲಿದೆ.

ಮುಸಲ್ಮಾನ ಅರಸರ ಆಡಳಿತದಲ್ಲಿಯೂ ತರುವಾಯ ಕಂಪನಿಯ ಕಚೇರಿಗಳಲ್ಲಿಯೂ ಬಳಕೆಯಲ್ಲಿದ್ದ ಪರಿಭಾಷೆಯನ್ನು ಎಚ್. ಎಚ್. ವಿಲ್ಸನ್ನರು 1855ರ ತಮ್ಮ ಪದಕೋಶದಲ್ಲಿ ಸಂಗ್ರಹಿಸಿದ್ದಾರೆ. ಅಲ್ಲಿ ಹಾಜಿರ್ ಜಾಮಿನ್ ಎಂದರೆ ಮನುಷ್ಯನ ಹಾಜರಿಗೆ ಹೊಣೆ, ಮಾಲ್ ಜಾಮಿನ್ ಎಂದರೆ ಹಣಕ್ಕೆ ಹೊಣೆ, ಫೇಲ್ ಜಾಮಿನ್ ಎಂದರೆ ನಡತೆಗೆ ಹೊಣೆ. ಬೇರೊಂದು ಭಾಷೆಯಲ್ಲಿ, ಬೇರೊಂದು ಶಾಸ್ತ್ರದ ಆಶ್ರಯದಲ್ಲಿ, ದರ್ಶನ ಮತ್ತು ದಾನಗಳ ಅದೇ ಭೇದವನ್ನು ಇಲ್ಲಿ ಕಾಣುತ್ತೇವೆ. ಒಂದರಿಂದ ಇನ್ನೊಂದು ಬಂದಿತೆಂದು ಸಾಧಿಸುವ ಅಗತ್ಯವಿಲ್ಲ. ಊರೂ ಕೇರಿಯೂ ಒಬ್ಬರನ್ನೊಬ್ಬರು ಬಲ್ಲ ಸಮಾಜಗಳಲ್ಲಿ ಇಂಥ ಭೇದವು ತಾನಾಗಿಯೇ ಹುಟ್ಟತಕ್ಕದ್ದು.

ಇಂಗ್ಲೆಂಡಿನ ಸ್ಥಿತಿಯೂ ಆದಿಯಲ್ಲಿ ಹೀಗೆಯೇ ಇದ್ದಿತು. ಅಲ್ಲಿ ಹೊಣೆಗಾರನು ದೇಹಕ್ಕೆ ದೇಹವೆಂಬಂತೆ ಕಟ್ಟುಬೀಳುತ್ತೇನೆಂದು ಹೇಳುತ್ತಿದ್ದನು. ಮಾತು ಹಾಗಿದ್ದರೂ ತಪ್ಪಿದವನಿಗೆ ಆಗುತ್ತಿದ್ದುದು ಜುಲ್ಮಾನೆಯೇ. ಆಪಾದಿತನು ಅವನ ಕೈಯಲ್ಲಿ ಸೆರೆಯಿದ್ದಂತೆ ಎಂಬುದು ಕಾನೂನಿನ ಭಾವನೆ. ಓಡಿಹೋಗುವನೆಂದು ಶಂಕೆ ಬಂದರೆ ಅವನನ್ನು ಹಿಡಿದು ಒಪ್ಪಿಸುವ ಅಧಿಕಾರವೂ ಹೊಣೆಗಾರನಿಗಿದ್ದಿತು. 1275ರ ವೆಸ್ಟ್‌ಮಿನ್‌ಸ್ಟರ್ ಶಾಸನವು ಯಾವ ಅಪರಾಧಗಳಲ್ಲಿ ಬಿಡಬಹುದು, ಯಾವುವುಗಳಲ್ಲಿ ಬಿಡಲಾಗದು ಎಂಬುದನ್ನು ಪಟ್ಟಿಮಾಡಿತು. ನಮ್ಮ ಸಂಹಿತೆಗಳಲ್ಲಿ ಜಾಮೀನಿಗೆ ಅರ್ಹ, ಅನರ್ಹ ಎಂದು ಅಪರಾಧಗಳನ್ನು ವಿಂಗಡಿಸುವ ಕ್ರಮದ ದೂರದ ಮೂಲವಿದು. ಮುಂದೆ ಸ್ಟೂಅರ್ಟ್ ಅರಸರಿಗೂ ಪಾರ್ಲಿಮೆಂಟಿಗೂ ನಡೆದ ಹೋರಾಟದಲ್ಲಿ ಈ ವಿಷಯ ರಾಜಕೀಯದ ನಡುರಂಗಕ್ಕೆ ಬಂದಿತು. ಬಲವಂತದ ಸಾಲವನ್ನು ಕೊಡಲೊಪ್ಪದ ಐವರು ನೈಟರು 1627ರಲ್ಲಿ ಕಾರಣ ಹೇಳದೆ ಸೆರೆಯಾದರು. ಅದರ ಫಲ 1628ರ ಹಕ್ಕಿನ ಅರಿಕೆ. 1679ರ ಹೇಬಿಯಸ್ ಕಾರ್ಪಸ್ ಶಾಸನವು ಬಿಡುಗಡೆಯ ವಿಧಾನವನ್ನು ಬಿಗಿಮಾಡಿದಾಗ, ನ್ಯಾಯಾಧೀಶರು ಯಾರೂ ಕೊಡಲಾಗದಷ್ಟು ದೊಡ್ಡ ಮೊತ್ತವನ್ನು ಕೇಳುವ ಉಪಾಯವನ್ನು ಹೂಡಿದರು. ಆದ ಕಾರಣ 1689ರ ಹಕ್ಕುಗಳ ಶಾಸನದಲ್ಲಿ ಮಿತಿಮೀರಿದ ಜಾಮೀನನ್ನು ಕೇಳಬಾರದೆಂಬ ವಿಧಿ ಸೇರಿತು. ಮೊತ್ತವೇ ಬೀಗವಾಗಬಲ್ಲುದೆಂಬ ಅರಿವು ಇಲ್ಲಿ ಮೊದಲು ಶಾಸನದ ಮಾತಾಗಿ ಬಂದಿತೆನ್ನಬಹುದು.

ಹಣವು ಹೊಣೆಗಾರನನ್ನು ಪೂರ್ತಿ ನುಂಗದಂತೆ ಇಂಗ್ಲಿಷ್ ನ್ಯಾಯಾಲಯಗಳು ಒಂದು ಕಟ್ಟನ್ನೂ ಹಾಕಿದವು. ಆಪಾದಿತನೇ ಮುಂಗಡ ಹಣ ಕೊಟ್ಟು, ನಿನಗೆ ನಷ್ಟವಾದರೆ ಇದರಲ್ಲಿ ತುಂಬಿಕೋ ಎಂದು ಹೊಣೆಗಾರನೊಡನೆ ಮಾಡಿಕೊಂಡ ಕರಾರು ನ್ಯಾಯಸಮ್ಮತವಲ್ಲವೆಂದು 1885ರಲ್ಲಿ ತೀರ್ಪಾಯಿತು. ಕಳೆದುಕೊಳ್ಳುವ ಭಯವಿಲ್ಲದವನು ಕಾಯುವನೇಕೆ ಎಂಬುದು ಅದರ ತರ್ಕ. 1976ರ ಶಾಸನವು ಅಲ್ಲಿ ಇನ್ನೂ ಮುಂದೆ ಹೋಗಿ, ಆಪಾದಿತನಿಂದಲೇ ಹಣದ ಮುಚ್ಚಳಿಕೆ ಬರೆಸಿಕೊಳ್ಳುವ ಪದ್ಧತಿಯನ್ನು ತೆಗೆದುಹಾಕಿ, ಹಾಜರಾಗದಿರುವುದನ್ನೇ ಪ್ರತ್ಯೇಕ ಅಪರಾಧವನ್ನಾಗಿ ಮಾಡಿತು. ಅಮೆರಿಕದಲ್ಲಿ ಇದಕ್ಕೆ ವಿರುದ್ಧವಾಗಿ ಶುಲ್ಕ ಪಡೆದು ಜಾಮೀನು ನಿಲ್ಲುವುದೇ ಒಂದು ವ್ಯಾಪಾರವಾಗಿ ಬೆಳೆಯಿತು.

ಭಾರತಕ್ಕೆ ಈ ವಿಚಾರಗಳು ಬಂದುದು ಸಂಹಿತೆಗಳ ಮೂಲಕ. 1860ರ ದಂಡ ಸಂಹಿತೆಯ ಬೆನ್ನಿಗೇ 1861ರಲ್ಲಿ ಮೊದಲನೆಯ ದಂಡ ಪ್ರಕ್ರಿಯಾ ಸಂಹಿತೆ ಹೊರಟಿತು. 1872, 1882, 1898ರಲ್ಲಿ ಅದು ಮತ್ತೆ ಮತ್ತೆ ಹೊಸದಾಗಿ ರಚಿತವಾಯಿತು. 1898ರ ಸಂಹಿತೆಯು 1974ರ ಮಾರ್ಚ್ ಕೊನೆಯವರೆಗೆ ನಡೆದುದರಿಂದ ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಜಾಮೀನಿಗೆ ಅರ್ಹವಾದ ಅಪರಾಧಗಳಲ್ಲಿ ಬಿಡುಗಡೆಯು ಆಪಾದಿತನ ಹಕ್ಕು. ಉಳಿದವುಗಳಲ್ಲಿ, ಅವನು ಅಪರಾಧವನ್ನು ಮಾಡಿರುವನೆಂದು ನಂಬುವುದಕ್ಕೆ ಯುಕ್ತ ಕಾರಣಗಳಿದ್ದರೆ ಮ್ಯಾಜಿಸ್ಟ್ರೇಟನು ಬಿಡಕೂಡದು. ಈ ನಿಷೇಧವು 1923ರ ತಿದ್ದುಪಡಿಯಿಂದ ಮರಣದಂಡನೆ ಅಥವಾ ಆಜೀವ ಗಡೀಪಾರಿಗೆ ಅರ್ಹವಾದ ಅಪರಾಧಗಳಿಗೆ ಮಾತ್ರ ಸೀಮಿತವಾಗಿ, ಹೆಂಗಸರು, ಹದಿನಾರು ವರ್ಷದೊಳಗಿನವರು, ರೋಗಿಗಳು ಇವರಿಗೆ ವಿನಾಯಿತಿ ಬಂದಿತು. ಮೊತ್ತವು ಮಿತಿಮೀರಬಾರದೆಂಬ 1689ರ ಮಾತೂ 498ನೆಯ ಪ್ರಕರಣದಲ್ಲಿ ಸೇರಿದೆ.

ಅಕ್ಷರದಲ್ಲಿ ಇದು ಉದಾರವಾಗಿಯೇ ಇದೆ. ಆದರೆ ಹೊಣೆಗಾರನು ಸಾಕಷ್ಟು ಸಮರ್ಥನೋ ಅಲ್ಲವೋ ಎಂಬುದನ್ನು ನಿರ್ಣಯಿಸುವಾಗ ಕಚೇರಿಯು ಕೇಳಿದ್ದು ಅವನು ಆಪಾದಿತನನ್ನು ಬಲ್ಲನೆ, ಕರೆತರಬಲ್ಲನೆ ಎಂಬುದನ್ನಲ್ಲ. ಅವನಿಗೆ ಎಷ್ಟು ಆಸ್ತಿಯಿದೆ ಎಂಬುದನ್ನು. ದರ್ಶನಪ್ರತಿಭೂವಿನ ಪೀಠದ ಮೇಲೆ ದಾನಪ್ರತಿಭೂ ಬಂದು ಕುಳಿತನು. ಬೇರೆ ಭಾಷೆಯವರೂ ಬೇರೆ ದೇಶದವರೂ ಆದ ಅಧಿಕಾರಿಗಳಿಗೆ ಊರಿನ ಮನುಷ್ಯರ ನಂಟು ತಿಳಿಯುವಂತಿರಲಿಲ್ಲ, ಕಂದಾಯದ ದಾಖಲೆ ಮಾತ್ರ ತಿಳಿಯುತ್ತಿದ್ದಿತು ಎಂಬುದು ಇದಕ್ಕೆ ಒಂದು ಸಮಾಧಾನವಾಗಬಹುದು. ಸ್ವಾತಂತ್ರ್ಯ ಬಂದ ಮೇಲೂ, ಇಂದಿಗೂ, ನಮ್ಮ ರಾಜ್ಯದ ನ್ಯಾಯಾಲಯಗಳಲ್ಲಿ ಹೊಣೆ ನಿಲ್ಲಲು ಬಂದವನು ಪಹಣಿಯನ್ನೋ ಖಾತೆಯ ನಕಲನ್ನೋ ಹಿಡಿದು ನಿಲ್ಲಬೇಕಾಗಿರುವುದಕ್ಕೆ ಆ ಸಮಾಧಾನ ಸಾಲದು.

ಹೊಣೆಗಾರನಿಲ್ಲದೆ ಬಿಡಬಹುದೆಂಬುದಕ್ಕೆ ಆ ಕಾಲದಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವುಂಟು. 1917ರ ಏಪ್ರಿಲ್ 18ರಂದು ಚಂಪಾರಣದ ಮೋತಿಹಾರಿಯಲ್ಲಿ ಗಾಂಧಿಯವರು, ಜಿಲ್ಲೆಯನ್ನು ಬಿಡಬೇಕೆಂಬ ಆಜ್ಞೆಯನ್ನು ಮೀರಿದುದಾಗಿ ಮ್ಯಾಜಿಸ್ಟ್ರೇಟನ ಮುಂದೆ ಒಪ್ಪಿಕೊಂಡರು. ತೀರ್ಪನ್ನು ಕೆಲವು ಗಂಟೆಗಳ ಕಾಲ ಮುಂದೂಡಿದ ಮ್ಯಾಜಿಸ್ಟ್ರೇಟನು ಅಷ್ಟು ಹೊತ್ತಿಗೆ ಜಾಮೀನು ಕೊಡಿರೆಂದನು. ಅವರು ಕೊಡಲೊಪ್ಪಲಿಲ್ಲ; ಅವನು ಜಾಮೀನಿಲ್ಲದೆಯೇ ಬಿಟ್ಟನು. ಮನುಷ್ಯನು ಬರುವನೆಂಬುದರಲ್ಲಿ ಸಂದೇಹವಿಲ್ಲದಾಗ ಹಣವು ಅನಾವಶ್ಯಕವೆಂಬುದು ಅಂದು ಆ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದಿತು. ಆ ಗೌರವವು ಅಪರಿಚಿತನಾದ ಕೂಲಿಯವನಿಗೆ ಸಲ್ಲುತ್ತಿರಲಿಲ್ಲವೆಂಬುದೇ ಬೇರೆ ಮಾತು.

ಮೀರತ್ ಒಳಸಂಚಿನ ಮೊಕದ್ದಮೆಯು ಮತ್ತೊಂದು ಮುಖವನ್ನು ತೋರಿಸುತ್ತದೆ. 1929ರ ಮಾರ್ಚ್ 20ರಂದು ಕಾರ್ಮಿಕ ಮುಖಂಡರನ್ನೂ ಕಮ್ಯುನಿಸ್ಟರನ್ನೂ ದೇಶದ ನಾನಾ ಭಾಗಗಳಲ್ಲಿ ಬಂಧಿಸಲಾಯಿತು. ಸೆಷನ್ಸ್ ತೀರ್ಪು ಬಂದುದು 1933ರ ಜನವರಿಯಲ್ಲಿ. ಅವರಲ್ಲಿ ಬಹುಮಂದಿ ಈ ನಾಲ್ಕು ವರ್ಷಗಳ ಬಹುಭಾಗವನ್ನು ವಿಚಾರಣಾಧೀನ ಬಂದಿಗಳಾಗಿಯೇ ಕಳೆದರು. ಅದೇ ವರ್ಷ ಆಗಸ್ಟಿನಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯವು ಕೆಲವರನ್ನು ನಿರ್ದೋಷಿಗಳೆಂದು ಬಿಟ್ಟು, ಉಳಿದವರ ಶಿಕ್ಷೆಗಳನ್ನು ಬಹಳವಾಗಿ ಇಳಿಸಿತು. ನಿರ್ದೋಷಿಯೆನಿಸಿಕೊಂಡವನಿಗೆ ಕಳೆದುಹೋದ ವರ್ಷಗಳನ್ನು ಕೊಡುವ ವಿಧಿ ಯಾವ ಸಂಹಿತೆಯಲ್ಲಿಯೂ ಇರಲಿಲ್ಲ. ಈ ಮೊಕದ್ದಮೆಯ ನಡುವೆ, 1931ರಲ್ಲಿ, ಹಚಿನ್‌ಸನ್ನರ ಅರ್ಜಿಯಲ್ಲಿ ನ್ಯಾಯಮೂರ್ತಿ ಮುಖರ್ಜಿಯವರು ಹೇಳಿದ ಮಾತು ಇಂದಿಗೂ ಉದಾಹೃತವಾಗುತ್ತದೆ: ಜಾಮೀನನ್ನು ಕೊಡುವುದು ನಿಯಮ, ನಿರಾಕರಣೆಯು ಅಪವಾದ, ಹೊರಗಿರುವವನು ಒಳಗಿರುವವನಿಗಿಂತ ಚೆನ್ನಾಗಿ ತನ್ನ ಪಕ್ಷವನ್ನು ಸಿದ್ಧಪಡಿಸಬಲ್ಲನು ಎಂಬುದು ಅದರ ಸಾರ. ಅದಕ್ಕೆ ಏಳೆಂಟು ವರ್ಷ ಮೊದಲೇ, ನಾಗೇಂದ್ರನಾಥ ಚಕ್ರವರ್ತಿಯ ಪ್ರಕರಣದಲ್ಲಿ, ಕಲ್ಕತ್ತೆಯ ಉಚ್ಚ ನ್ಯಾಯಾಲಯವು ಜಾಮೀನಿನ ಉದ್ದೇಶ ವಿಚಾರಣೆಗೆ ಹಾಜರಿಯನ್ನು ದೊರಕಿಸುವುದೇ ಹೊರತು ಶಿಕ್ಷಿಸುವುದಲ್ಲವೆಂದು ನಿರ್ಣಯಿಸಿದ್ದಿತು.

ತನಿಖೆಯ ಕಾಲದ ಸೆರೆಯ ವಿಚಾರವನ್ನು ಇಲ್ಲಿಯೇ ಸೇರಿಸಬೇಕು. ಬಂಧಿಸಿದ 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಬೇಕೆಂಬುದು 1898ರ ಸಂಹಿತೆಯಲ್ಲಿಯೂ ಇದ್ದ ನಿಯಮ. ಸಂವಿಧಾನದ 22ನೆಯ ಅನುಚ್ಛೇದವು ಅದನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಆ ಮೇಲೆ ಮ್ಯಾಜಿಸ್ಟ್ರೇಟನು 167ನೆಯ ಪ್ರಕರಣದ ಮೇರೆಗೆ ಒಟ್ಟು 15 ದಿನಗಳವರೆಗೆ ಬಂಧನಕ್ಕೆ ಅಪ್ಪಣೆ ಕೊಡಬಹುದಾಗಿದ್ದಿತು. ತನಿಖೆಯು 15 ದಿನಗಳಲ್ಲಿ ಮುಗಿಯುತ್ತಿರಲಿಲ್ಲ. ಆಗ ಪೊಲೀಸರು ಅಪೂರ್ಣವಾದ ವರದಿಯೊಂದನ್ನು ಸಲ್ಲಿಸಿ, ವಿಚಾರಣೆಯನ್ನು ಮುಂದೂಡುವುದಕ್ಕಾಗಿ ಇದ್ದ 344ನೆಯ ಪ್ರಕರಣವನ್ನು ಹಿಡಿದು, ಹದಿನೈದು ಹದಿನೈದು ದಿನಗಳಂತೆ ಬಂಧನವನ್ನು ಬೆಳೆಸುತ್ತಿದ್ದರು. ಕಾನೂನು ಒಂದು ಬಾಗಿಲನ್ನು ಮುಚ್ಚಿದ್ದಿತು. ಕಚೇರಿಯ ರೂಢಿಯು ಪಕ್ಕದ ಬಾಗಿಲನ್ನು ತೆರೆದುಕೊಂಡಿತು. 1973ರ ಸಂಹಿತೆಯು ಇದನ್ನು ಸರಿಪಡಿಸಲೆಂದು 60 ದಿನಗಳ ಮಿತಿಯನ್ನು ಹಾಕಿತು. 1978ರಲ್ಲಿ ಅದು ಘೋರಾಪರಾಧಗಳಿಗೆ 90, ಉಳಿದವಕ್ಕೆ 60 ಎಂದಾಯಿತು. ಅಷ್ಟರೊಳಗೆ ಆರೋಪಪಟ್ಟಿ ಬರದಿದ್ದರೆ ಬಿಡುಗಡೆ ಆಪಾದಿತನ ಹಕ್ಕು. ಆದರೆ ಆ ವಿಧಿಯ ಮಾತನ್ನು ಓದುಗರು ಗಮನವಿಟ್ಟು ನೋಡಬೇಕು. ಅವನು ಜಾಮೀನು ಕೊಡಲು ಸಿದ್ಧನಾಗಿದ್ದು, ಕೊಟ್ಟರೆ, ಬಿಡಬೇಕು. ಪೊಲೀಸರ ತಪ್ಪಿನಿಂದಲೇ ಹುಟ್ಟಿದ ಹಕ್ಕನ್ನು ಕೂಡ ಹೊಣೆಗಾರನ ಆಸ್ತಿಯ ಕೈಯಿಂದಲೇ ಪಡೆಯಬೇಕಾಗಿದೆ.

ಈ ದೋಷವನ್ನು ನೇರವಾಗಿ ಮುಟ್ಟಿದವರಲ್ಲಿ ಮೊದಲಿಗರು ನ್ಯಾಯಮೂರ್ತಿ ಪಿ. ಎನ್. ಭಗವತಿಯವರು. ಅವರ ಅಧ್ಯಕ್ಷತೆಯ ಗುಜರಾತಿನ ಕಾನೂನು ನೆರವು ಸಮಿತಿ 1971ರಲ್ಲಿ ಕೊಟ್ಟ ವರದಿಯು, ಆಸ್ತಿಯನ್ನೇ ಆಧಾರವಾಗಿಟ್ಟ ಜಾಮೀನು ಪದ್ಧತಿಯು ಬಡವರಿಗೆ ಅನ್ಯಾಯವೆಂದು ಸ್ಪಷ್ಟವಾಗಿ ಸಾರಿತು. 1978ರ ಆಗಸ್ಟಿನಲ್ಲಿ ಮೋತಿ ರಾಮ್ ಪ್ರಕರಣ ಬಂದಿತು. ಮಧ್ಯಪ್ರದೇಶದ ಬಡ ಗಾರೆಕೆಲಸದವನೊಬ್ಬನಿಗೆ ಜಾಮೀನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವೇ ಆಜ್ಞೆಮಾಡಿದ್ದಿತು; ವಿವರಗಳನ್ನು ಕೆಳಗಿನ ಮ್ಯಾಜಿಸ್ಟ್ರೇಟನಿಗೆ ಬಿಟ್ಟಿದ್ದಿತು. ಅವನು 10,000 ರೂಪಾಯಿಗಳ ಹೊಣೆಯನ್ನು ಕೇಳಿದನು. ಆಪಾದಿತನ ಅಣ್ಣತಮ್ಮನೊಬ್ಬನು ಮುಂದೆ ಬಂದಾಗ, ಅವನ ಆಸ್ತಿಯು ಬೇರೆ ಜಿಲ್ಲೆಯಲ್ಲಿದೆಯೆಂದು ತಳ್ಳಿಹಾಕಿದನು. ಒಡಹುಟ್ಟಿದವನನ್ನು ಹುಡುಕಿ ತರಲು ಅವನಿಗಿಂತ ಯೋಗ್ಯನಾರು? ದರ್ಶನದ ದೃಷ್ಟಿಯಿಂದ ಅವನೇ ಉತ್ತಮ ಹೊಣೆಗಾರ. ಆಸ್ತಿಯ ದೃಷ್ಟಿಯಿಂದ ಅವನು ಪರಸ್ಥಳದವನು. ನ್ಯಾಯಮೂರ್ತಿ ಕೃಷ್ಣ ಅಯ್ಯರರು ಮೊತ್ತವನ್ನು 1,000 ರೂಪಾಯಿಗಳಿಗೆ ಇಳಿಸಿ, ಅವನ ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡುವಂತೆ ಆಜ್ಞಾಪಿಸಿದರು. ಆ ತೀರ್ಪಿನಲ್ಲಿ ಅವರು ನಮ್ಮನ್ನೂ ನೆನೆದಿದ್ದಾರೆ. ಬಸ್ತರಿನಲ್ಲಿಯೋ ಪೋರ್ಟ್‌ಬ್ಲೇರಿನಲ್ಲಿಯೋ ಕಳವಿನ ಆಪಾದನೆಗೆ ಸಿಕ್ಕಿದ ಕನ್ನಡಿಗನೂ ಮಲಯಾಳಿಯೂ ತಮಿಳನೂ ಆ ಊರಿನಲ್ಲಿ ಆಸ್ತಿಯುಳ್ಳ ಹೊಣೆಗಾರನನ್ನು ಎಲ್ಲಿಂದ ತಂದಾನು ಎಂಬರ್ಥದ ಪ್ರಶ್ನೆ ಅದರಲ್ಲಿ ಬರುತ್ತದೆ. ಇಂದು ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವ ಬಿಹಾರದ, ಒಡಿಶಾದ ಕೂಲಿಯವನ ಬಗೆಗೆ ನಾವೇ ಅದನ್ನು ಕೇಳಿಕೊಳ್ಳಬೇಕಾಗಿದೆ.

ಆರು ತಿಂಗಳೊಳಗೆ ಹುಸೇನಾರಾ ಖಾತೂನ್ ಪ್ರಕರಣವು ಬಂದಿತು. ಪೊಲೀಸ್ ಆಯೋಗದ ಸದಸ್ಯರಾಗಿದ್ದ ಕೆ. ಎಫ್. ರುಸ್ತುಂಜಿಯವರು ಬಿಹಾರದ ಸೆರೆಮನೆಗಳನ್ನು ಕುರಿತು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ಬರೆದ ಲೇಖನಗಳನ್ನು ಆಧಾರವಾಗಿಟ್ಟುಕೊಂಡು ವಕೀಲರಾದ ಕಪಿಲಾ ಹಿಂಗೋರಾನಿಯವರು ಅರ್ಜಿ ಸಲ್ಲಿಸಿದರು. 1979ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ನ್ಯಾಯಮೂರ್ತಿ ಭಗವತಿಯವರು ಕೊಟ್ಟ ಆಜ್ಞೆಗಳಿಂದ ಹೊರಬಿದ್ದ ಸಂಗತಿಗಳು ಘೋರವಾದವು. ಅಪರಾಧ ರುಜುವಾತಾಗಿದ್ದರೆ ಎಷ್ಟು ಶಿಕ್ಷೆಯಾಗುತ್ತಿದ್ದಿತೋ ಅದಕ್ಕಿಂತ ಹೆಚ್ಚು ಕಾಲವನ್ನು ವಿಚಾರಣೆಯಿಲ್ಲದೆ ಒಳಗೆ ಕಳೆದವರಿದ್ದರು. ಯಾವ ಆಪಾದನೆಯೂ ಇಲ್ಲದೆ, ಸಾಕ್ಷಿಗಳೆಂದೋ ಅಪರಾಧಕ್ಕೆ ತುತ್ತಾದವರೆಂದೋ, ರಕ್ಷಣೆಯ ಹೆಸರಿನಲ್ಲಿ ಸೆರೆಮನೆಯಲ್ಲಿದ್ದ ಹೆಂಗಸರಿದ್ದರು. 60 ಮತ್ತು 90 ದಿನಗಳ ಹಕ್ಕನ್ನು ಅವರಿಗೆ ತಿಳಿಸಿದವರೂ ಇರಲಿಲ್ಲ. ಶೀಘ್ರ ವಿಚಾರಣೆಯು ಸಂವಿಧಾನದ 21ನೆಯ ಅನುಚ್ಛೇದದಲ್ಲಿಯೇ ಅಡಗಿದೆಯೆಂದು ನ್ಯಾಯಾಲಯವು ಘೋಷಿಸಿತು. ಚರಿತ್ರೆಯ ದೃಷ್ಟಿಯಿಂದ ನಮಗೆ ಅಷ್ಟೇ ಮುಖ್ಯವಾದುದು ಭಗವತಿಯವರು ಸೂಚಿಸಿದ ಪರೀಕ್ಷೆ: ಆ ಊರಿನಲ್ಲಿ ಎಷ್ಟು ಕಾಲದಿಂದ ಇದ್ದಾನೆ, ಉದ್ಯೋಗವೇನು, ಸಂಸಾರವೆಲ್ಲಿ, ಅವನನ್ನು ಬಲ್ಲವರಾರು ಎಂಬುದನ್ನು ವಿಚಾರಿಸಿ, ಸಮಾಜದಲ್ಲಿ ಅವನಿಗೆ ಬೇರುಗಳಿದ್ದರೆ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ಇದನ್ನು ಅಮೆರಿಕದ ಪ್ರಯೋಗಗಳಿಂದ ಬಂದ ಹೊಸ ವಿಚಾರವೆಂದು ವಿವರಿಸುವುದು ವಾಡಿಕೆ, ಅದು ತಪ್ಪಲ್ಲ. ಆದರೆ ದರ್ಶನ ಮತ್ತು ಪ್ರತ್ಯಯಗಳೆಂಬ ಹಳೆಯ ಹೊಣೆಗಳ ಪ್ರಶ್ನೆಗಳೂ ಇವೇ ಆಗಿದ್ದವು.

ಶಾಸನವು ಈ ತೀರ್ಪುಗಳ ಹಿಂದೆ ಬಹಳ ನಿಧಾನವಾಗಿ ನಡೆಯಿತು. ಜಾಮೀನಿಗೆ ಅರ್ಹವಾದ ಅಪರಾಧದಲ್ಲಿ ಬಂಧಿತನಾದವನು ಒಂದು ವಾರದೊಳಗೆ ಹೊಣೆಯನ್ನು ಒದಗಿಸಲಾರದೆ ಹೋದರೆ ಅವನನ್ನು ನಿರ್ಗತಿಕನೆಂದೇ ಭಾವಿಸಿ ಹೊಣೆಗಾರನಿಲ್ಲದೆ ಬಿಡಬೇಕೆಂಬ ವಿಧಿಯು 2005ರ ತಿದ್ದುಪಡಿಯಿಂದ ಬಂದಿತು. ಹುಸೇನಾರಾ ತೀರ್ಪಿನಿಂದ ಇಲ್ಲಿಗೆ 26 ವರ್ಷ. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದವನನ್ನು ಬಿಡತಕ್ಕದ್ದೆಂಬ 436-ಎ ಪ್ರಕರಣವೂ ಆಗಲೇ ಸೇರಿತು. ಇತ್ತ ಮಾದಕ ವಸ್ತುಗಳು, ಭಯೋತ್ಪಾದನೆ, ಹಣದ ಅಕ್ರಮ ವರ್ಗಾವಣೆ ಮೊದಲಾದವನ್ನು ಕುರಿತ ವಿಶೇಷ ಶಾಸನಗಳು ಜಾಮೀನನ್ನು ಸಾಮಾನ್ಯ ಸಂಹಿತೆಗಿಂತ ಬಹು ಕಠಿಣವಾಗಿಸುತ್ತ ಹೋದವು. ಅವುಗಳ ಚರ್ಚೆ ಪ್ರತ್ಯೇಕ ಲೇಖನವನ್ನು ಬೇಡುವುದರಿಂದ ಇಲ್ಲಿ ಕೈಹಾಕುವುದಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಹಳೆಯ ಸಂಹಿತೆಯ ಸ್ಥಾನವನ್ನು ಪಡೆದಿದೆ. ಅದರಲ್ಲಿ ಒಂದು ವಿಶೇಷವುಂಟು. 1861ರಿಂದ ಅಲ್ಲಿಯವರೆಗೆ ಸಂಹಿತೆಗಳು ಜಾಮೀನೆಂದರೇನೆಂಬುದನ್ನು ನಿರೂಪಿಸದೆಯೇ ಆ ಮಾತನ್ನು ಬಳಸುತ್ತ ಬಂದಿದ್ದವು. ಹೊಸ ಸಂಹಿತೆಯು ಅದಕ್ಕೆ ಲಕ್ಷಣ ಹೇಳಿ, ಹೊಣೆಗಾರನಿರುವ ಮುಚ್ಚಳಿಕೆಯನ್ನೂ ಹೊಣೆಗಾರನಿಲ್ಲದ ಮುಚ್ಚಳಿಕೆಯನ್ನೂ ಬೇರೆ ಬೇರೆ ಹೆಸರಿನಿಂದ ಕರೆಯುತ್ತದೆ. ಈ ಭೇದದ ಪ್ರಯೋಜನವು 479ನೆಯ ಪ್ರಕರಣದಲ್ಲಿ ಕಾಣುತ್ತದೆ. ಹಿಂದೆಂದೂ ಶಿಕ್ಷೆಗೊಳಗಾಗದವನು ಗರಿಷ್ಠ ಶಿಕ್ಷೆಯ ಮೂರರಲ್ಲೊಂದು ಭಾಗವನ್ನು ಒಳಗೆ ಕಳೆದಿದ್ದರೆ ಅವನನ್ನು ಹೊಣೆಗಾರನಿಲ್ಲದ ಮುಚ್ಚಳಿಕೆಯ ಮೇಲೆಯೇ ಬಿಡಬೇಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಾದ ಅಪರಾಧಗಳಿಗೆ ಇದು ಅನ್ವಯಿಸದು. ಅಲ್ಲದೆ, ಒಂದಕ್ಕಿಂತ ಹೆಚ್ಚು ಅಪರಾಧಗಳ ಅಥವಾ ಪ್ರಕರಣಗಳ ವಿಚಾರಣೆ ಬಾಕಿಯಿರುವವನಿಗೆ ಈ ವಿಧಿಯ ಬಿಡುಗಡೆ ಇಲ್ಲ. ಒಂದೇ ಘಟನೆಗೆ ಹಲವು ಅಪರಾಧಗಳನ್ನು ಹೊರಿಸುವ ಪೊಲೀಸರ ರೂಢಿಯನ್ನು ಬಲ್ಲವರಿಗೆ, ಕೊಟ್ಟ ಕೈಯೇ ಕಸಿದುಕೊಂಡಂತೆ ಇದು ತೋರದಿರದು.

ಜಾಮೀನಿನ ಆಜ್ಞೆಯಾಗಿಯೂ ಒಳಗೇ ಉಳಿದವರ ವಿಷಯವನ್ನು ಸರ್ವೋಚ್ಚ ನ್ಯಾಯಾಲಯವು 2023ರ ಜನವರಿ 31ರಂದು ಕೈಗೆತ್ತಿಕೊಂಡಿತು. ಆಜ್ಞೆಯಾಗಿ ಏಳು ದಿನಗಳೊಳಗೆ ಬಿಡುಗಡೆಯಾಗದಿದ್ದರೆ ಕಾರಾಗೃಹದ ಅಧೀಕ್ಷಕನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು; ಒಂದು ತಿಂಗಳೊಳಗೆ ಮುಚ್ಚಳಿಕೆ ಬರದಿದ್ದರೆ ನ್ಯಾಯಾಲಯವು ತಾನೇ ಷರತ್ತುಗಳನ್ನು ಸಡಿಲಿಸುವ ವಿಚಾರ ಮಾಡಬಹುದು; ಸ್ಥಳೀಯ ಹೊಣೆಗಾರನೇ ಬೇಕೆಂಬ ಹಟವು ವಿಳಂಬಕ್ಕೆ ಕಾರಣವಾದುದರಿಂದ ಅದನ್ನು ಬಿಡುವುದು ಲೇಸು ಎಂದು ಅದು ಹೇಳಿತು. ಮರುವರ್ಷದ ಆಗಸ್ಟ್ 22ರಂದು ಅದೇ ನ್ಯಾಯಾಲಯದ ಮುಂದೆ ಬಂದ ಅರ್ಜಿದಾರನೊಬ್ಬನಿಗೆ ಬೇರೆ ಬೇರೆ ರಾಜ್ಯಗಳ 13 ಪ್ರಕರಣಗಳಲ್ಲಿಯೂ ಜಾಮೀನು ದೊರೆತಿದ್ದಿತು. ಆದರೆ ಪ್ರತಿಯೊಂದಕ್ಕೂ ಪ್ರತ್ಯೇಕ ಹೊಣೆಗಾರರು ಸಿಗದೆ ಅವನು ಸೆರೆಯಲ್ಲಿಯೇ ಇದ್ದನು. ಹೊಣೆಗಾರನೆಂದರೆ ಬಹುಮಟ್ಟಿಗೆ ಹತ್ತಿರದ ನೆಂಟ ಅಥವಾ ಬಹುಕಾಲದ ಗೆಳೆಯ, ಆಪಾದನೆ ಬಂದವನ ಪಾಲಿಗೆ ಆ ವಲಯವು ಇನ್ನೂ ಕಿರಿದಾಗುತ್ತದೆ ಎಂಬರ್ಥದ ಮಾತನ್ನು ನ್ಯಾಯಮೂರ್ತಿ ಕೆ. ವಿ. ವಿಶ್ವನಾಥನ್ನರು ಆ ತೀರ್ಪಿನಲ್ಲಿ ಬರೆದು, ಆಯಾ ರಾಜ್ಯದ ಪ್ರಕರಣಗಳೆಲ್ಲಕ್ಕೂ ಅದೇ ಹೊಣೆಗಾರರು ನಿಲ್ಲಬಹುದೆಂದು ಆಜ್ಞಾಪಿಸಿದರು.